ಕಡ್ಡಿ ಹಾಕುವವರು, ಒಳಗೆ ನೋಡುವವರು

ಬಳ್ಳಾರಿಯ ಆ ಆಸ್ಪತ್ರೆಯ ಮೂತ್ರರೋಗ ವಿಭಾಗಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ. ಐದನೆಯದನ್ನು ನುಂಗಿದ್ದು ಅವರ ಬಿಲ್ಲಿಂಗ್ ಕೌಂಟರ್, ಅದನ್ನು ಆಮೇಲೆ ಹೇಳುತ್ತೇನೆ. ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ಹಾಕಿದರೆ ಕಾರಟಗಿಯಿಂದ ಅಲ್ಲಿಗೆ ಹೋಗಿ ಬಂದವರು ಯಾರು ಎಂಬ ಲೆಕ್ಕ ನಮ್ಮ ಓಣಿಯಲ್ಲಿ ಸಂಜೆಯೊಳಗೆ ಮುಗಿದಿರುತ್ತದೆ. ನಮ್ಮನೆಯವರಿಗೆ ಆದದ್ದು ಮೂತ್ರನಾಳದ ಕ್ಯಾನ್ಸರ್, ಇದನ್ನು ಬರೆಯಲು ಅವರು ಒಪ್ಪಿದ್ದೇ ಆ ಕರಾರಿನ ಮೇಲೆ. "ಎಲ್ಲಾ ಬರಿ. ನನ್ನ ಹೆಸ್ರು, ದವಾಖಾನಿ ಹೆಸ್ರು ಎರಡೂ ಬ್ಯಾಡ" ಅಂದರು. ಹೆಸರಿಲ್ಲದ ವಿಮರ್ಶೆಯಿಂದ ಏನು ಉಪಯೋಗ ಅಂತ ನೀವು ಕೇಳಬಹುದು. ಯಾವ ಊರಿನ ಯಾವ ಮೂತ್ರರೋಗ ತಜ್ಞರ ಮುಂದೆ ಕೂತರೂ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು, ಅಷ್ಟಕ್ಕೇ ಬರೆಯುತ್ತಿದ್ದೇನೆ.

ನಾನು ಡಿ.ಫಾರ್ಮ ಓದಿ ಮೆಡಿಕಲ್ ಶಾಪ್ ನಡೆಸುವವಳು. ಕೌಂಟರಿನ ಈಚೆ ನಿಂತು ಎಷ್ಟೋ ವರ್ಷಗಳಿಂದ ಗಂಡಸರನ್ನು ನೋಡಿದ್ದೇನೆ. ಬಿಪಿ ಮಾತ್ರೆ ಗಟ್ಟಿಯಾಗಿ ಕೇಳುವವರು ಕೆಳಗಿನ ತೊಂದರೆ ಬಂದರೆ ಅಂಗಡಿ ಖಾಲಿಯಾಗುವವರೆಗೂ ಹೊರಗೆ ಬೈಕಿನ ಮೇಲೆ ಕೂತಿರುತ್ತಾರೆ. ಆಮೇಲೆ ಬಂದು, "ಅಕ್ಕಾರ, ಒಂದಕ್ಕ ಹೋದ್ರ ಉರೀತೈತ್ರಿ, ಒಂದ್ ಶೀಟ್ ಏನರ ಕೊಡ್ರಿ" ಅನ್ನುತ್ತಾರೆ. ಡಾಕ್ಟರಿಗೆ ತೋರಿಸಿ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ನಮ್ಮನೆಯವರು ಪಕ್ಕದ ಅಂಗಡಿಗೆ ಹೋಗುವಂತಿರಲಿಲ್ಲ, ಅದೊಂದು ಅನುಕೂಲವಾಯಿತು.

ಅವರು ರೈಸ್ ಮಿಲ್ಲಿನ ಫಿಟ್ಟರ್. ಹರೆಯದಲ್ಲಿ ಮಿಲ್ಲಿನೊಳಗೆ ಕಬ್ಬಿಣದ ತೊಲೆಯ ಮೇಲೆ ಎರಡೂ ಕಡೆ ಕಾಲು ಬಿಟ್ಟು ಬಿದ್ದಿದ್ದರು. ಆ ಏಟಿಗೆ ಮೂತ್ರನಾಳದಲ್ಲಿ ಗಾಯವಾಗಿ, ಮಾಯುವಾಗ ನಾಳ ಇಕ್ಕಟ್ಟಾಯಿತು. ಇದಕ್ಕೆ ಸ್ಟ್ರಿಕ್ಚರ್ ಅನ್ನುತ್ತಾರೆ. ಧಾರೆ ಸಣ್ಣಗಾದಾಗಲೆಲ್ಲ ಒಂದು ಕ್ಲಿನಿಕ್ಕಿಗೆ ಹೋಗಿ ಹಿಗ್ಗಿಸಿಕೊಂಡು ಬರುತ್ತಿದ್ದರು. ನಮ್ಮ ಕಡೆ 'ಕಡ್ಡಿ ಹಾಕಿಸ್ಕೊಂಡು ಬರೋದು' ಅನ್ನುತ್ತಾರಲ್ಲ, ಅದೇ. ಕ್ಲಿನಿಕ್ ಯಾವ ಊರಿನದು ಅಂತಲೂ ಹೇಳುವುದಿಲ್ಲ. ವರ್ಷಗಟ್ಟಲೆ ಅದರಿಂದ ನಡೆಯಿತು, ಅದಕ್ಕೆ ನನ್ನ ತಕರಾರಿಲ್ಲ. ಸ್ಟ್ರಿಕ್ಚರ್‌ಗೆ ಹಿಗ್ಗಿಸುವುದು ಒಪ್ಪಿತವಾದ ಉಪಾಯವೇ.

ತಕರಾರು ಇರುವುದು ಆಮೇಲಿನದಕ್ಕೆ. ಕಡ್ಡಿ ಹಾಕಿಸಿದ ಮೇಲೆ ಆರಾಮಾಗಿರುವ ಕಾಲ ಗಿಡ್ಡವಾಗುತ್ತ ಬಂತು. ಒಳಚಡ್ಡಿಯಲ್ಲಿ ರಕ್ತದ ಕಲೆ ಕಾಣಿಸಿತು, ಮೂತ್ರಕ್ಕೆ ಹೋಗದಿರುವಾಗಲೂ. ವೃಷಣದ ಹಿಂದೆ, ಕೂತಾಗ ಸೈಕಲ್ ಸೀಟು ತಾಗುವ ಜಾಗದಲ್ಲಿ, ಗಟ್ಟಿಯಾದ ಗಂಟು ಕೈಗೆ ಸಿಕ್ಕಿತು. ಕ್ಲಿನಿಕ್ಕಿನಲ್ಲಿ ಮೂರಕ್ಕೂ ಉತ್ತರ ಒಂದೇ: ಇನ್ಫೆಕ್ಷನ್. ಆಂಟಿಬಯಾಟಿಕ್ ಬದಲಾಯಿತು, ಮತ್ತೆ ಕಡ್ಡಿ ಹಾಕಿದರು. ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿ, ನಾರ್ಮಲ್ ಬಂದಾಗ "ಕ್ಯಾನ್ಸರ್ ಏನಿಲ್ಲ, ಧೈರ್ಯವಾಗಿರಿ" ಅಂದರು. ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿಯ ವಿಚಾರ ಹೇಳುವ ಪರೀಕ್ಷೆ. ಮೂತ್ರನಾಳದ ಕ್ಯಾನ್ಸರ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಸ್ಕ್ಯಾನಿಂಗ್ ಮಾಡಿ ಮೂತ್ರಚೀಲದಲ್ಲಿ ಮೂತ್ರ ಉಳಿಯುತ್ತಿದೆ ಅಂತ ಬರೆದುಕೊಟ್ಟರು. ಅದು ನಮಗೂ ಗೊತ್ತಿತ್ತು. ನಾಳದೊಳಗೆ ಕ್ಯಾಮರಾ ಹಾಕಿ ನೋಡೋಣ ಅನ್ನುವ ಮಾತು ಅಲ್ಲಿ ಬರಲೇ ಇಲ್ಲ. ಆ ಕ್ಲಿನಿಕ್ಕಿಗೆ ಒಂದು ನಕ್ಷತ್ರ, ಅದೂ ಕಂಪೌಂಡರ್ ಒಳ್ಳೆಯವನು ಅನ್ನುವುದಕ್ಕೆ.

ಬಳ್ಳಾರಿಗೆ ಹೋದದ್ದು ನನ್ನ ಹಟಕ್ಕೆ. ಅಲ್ಲಿನ ಡಾಕ್ಟರು ಮೊದಲು ಮಾಡಿದ ಕೆಲಸಕ್ಕೇ ನನ್ನ ಮನಸ್ಸಿನಲ್ಲಿ ಅರ್ಧ ಅಂಕ ಬಿತ್ತು. ರಿಪೋರ್ಟುಗಳ ಕಟ್ಟನ್ನು ಪಕ್ಕಕ್ಕಿಟ್ಟು, ಮಲಗಿಸಿ, ಗಂಟನ್ನು ಒತ್ತಿ ನೋಡಿದರು. ನಾಳದ ಉದ್ದಕ್ಕೂ ಬೆರಳಾಡಿಸಿದರು. ಎರಡೂ ತೊಡೆಸಂದಿ ಮುಟ್ಟಿ ನೋಡಿದರು. ಗುದದ್ವಾರದಿಂದಲೂ ಪರೀಕ್ಷೆ ಮಾಡಿದರು. ನಮ್ಮವರು ಮುಖ ಗೋಡೆಗೆ ತಿರುಗಿಸಿಕೊಂಡಿದ್ದರು. ಅಷ್ಟು ವರ್ಷ ಕಡ್ಡಿ ಹಾಕಿಸಿಕೊಂಡರೂ ಯಾರೂ ಹೀಗೆ ಕೈಯಿಟ್ಟು ನೋಡಿರಲಿಲ್ಲವಂತೆ. ತೊಡೆಸಂದಿ ಯಾಕೆ ಅಂತ ನಾನು ಕೇಳಿದೆ. ನಾಳದ ಮುಂಭಾಗದ ರೋಗ ಮೊದಲು ಅಲ್ಲಿನ ಗ್ರಂಥಿಗಳಿಗೆ ಹೋಗುತ್ತದೆ, ಹಿಂಭಾಗದ್ದು ಹೊಟ್ಟೆಯ ಕೆಳಗಿನ ಒಳಗ್ರಂಥಿಗಳಿಗೆ ಹೋಗುತ್ತದೆ ಅಂದರು. ಇನ್ನೊಂದು ಮಾತನ್ನೂ ಸೇರಿಸಿದರು. ಲಿಂಗದ ಚರ್ಮದ ಕ್ಯಾನ್ಸರಿನಲ್ಲಿ ತೊಡೆಸಂದಿಯ ಗಂಟು ಎಷ್ಟೋ ಸಲ ಬರೀ ಸೋಂಕಿನಿಂದ ಊದಿದ್ದಿರಬಹುದು, ಮೂತ್ರನಾಳದ್ದರಲ್ಲಿ ಗಂಟು ಸಿಕ್ಕರೆ ಸಾಮಾನ್ಯವಾಗಿ ಅದು ಹಬ್ಬಿದ ರೋಗವೇ. ನಮ್ಮವರ ತೊಡೆಸಂದಿಯಲ್ಲಿ ಗಂಟು ಸಿಗಲಿಲ್ಲ.

ಡಾಕ್ಟರೇ ಆಮೇಲೆ ಕೇಸ್ ಪೇಪರಿನ ಹಿಂದೆ ಚಿತ್ರ ಬರೆದು ತೋರಿಸಿದರು. ಗಂಡಸರ ಮೂತ್ರನಾಳ ಸುಮಾರು 18 ರಿಂದ 20 ಸೆಂಟಿಮೀಟರ್ ಉದ್ದ. ಮೂತ್ರಚೀಲದಿಂದ ಹೊರಟು ಪ್ರಾಸ್ಟೇಟಿನೊಳಗೆ ಹಾಯ್ದು, ಸ್ನಾಯುವಿನ ಬಳೆ ದಾಟಿ, ವೃಷಣದ ಹಿಂದೆ ಉಬ್ಬಿ, ಆಮೇಲೆ ಲಿಂಗದೊಳಗೆ ಸಾಗುತ್ತದೆ. ಆ ಉಬ್ಬಿದ ಭಾಗಕ್ಕೆ ಬಲ್ಬ್ ಅನ್ನುತ್ತಾರೆ. ಗಂಡಸರಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸುವುದು ಅಲ್ಲಿ, ಮತ್ತು ಅದಕ್ಕೆ ತಾಗಿದ ಬಳೆಯ ಭಾಗದಲ್ಲಿ. ಸ್ಟ್ರಿಕ್ಚರ್ ಹೆಚ್ಚಾಗಿ ಆಗುವುದೂ ಬಲ್ಬಿನಲ್ಲೇ. ಹಾಗಾಗಿ ಒಂದರ ಮರೆಯಲ್ಲಿ ಇನ್ನೊಂದು ಕೂತರೆ ಧಾರೆ ಸಣ್ಣಗಾಗುವುದೂ ಉರಿಯೂ ಎರಡಕ್ಕೂ ಒಂದೇ. ರೋಗವಂತೂ ಅಪರೂಪ: ಮೂತ್ರಾಂಗ, ಜನನಾಂಗಗಳಿಗೆ ಬರುವ ಎಲ್ಲ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಕಡ್ಡಿ ಹಾಕಿಸಿಕೊಳ್ಳುವ ಸಾವಿರಾರು ಜನರಲ್ಲಿ ಬಹುಪಾಲು ಮಂದಿಗೆ ಇರುವುದು ಬರೀ ಸ್ಟ್ರಿಕ್ಚರ್, ಅವರು ಇದನ್ನು ಓದಿ ನಿದ್ದೆಗೆಡಬೇಕಿಲ್ಲ. ಆದರೆ ರಕ್ತ, ಗಂಟು, ಬೇಗಬೇಗ ಮರಳುವ ಇಕ್ಕಟ್ಟು, ಪದೇಪದೇ ಆಗುವ ಕೀವುಗುಳ್ಳೆ, ಚರ್ಮ ಒಡೆದು ಅಲ್ಲಿಂದ ಮೂತ್ರ ಜಿನುಗುವುದು, ಇವುಗಳಲ್ಲಿ ಯಾವುದಿದ್ದರೂ ಒಳಗೆ ನೋಡಿಸಲೇಬೇಕು.

ಧಾರೆಯ ವೇಗ ಅಳೆದರು, ನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದರು. ಎಕ್ಸ್‌ರೇಯಲ್ಲಿ ಇಕ್ಕಟ್ಟಿನ ಅಂಚು ನುಣುಪಾಗಿರಲಿಲ್ಲ, ಕಚ್ಚಿ ಹರಿದಂತೆ ಕಾಣುತ್ತಿತ್ತು. ಅದನ್ನು ನೋಡಿಯೇ ಡಾಕ್ಟರು ಅರಿವಳಿಕೆಯಲ್ಲಿ ಸ್ಕೋಪ್ ಮಾಡಿ, ಅಂದರೆ ನಾಳದೊಳಗೆ ಕ್ಯಾಮರಾ ಹಾಕಿ ನೋಡಿ, ತುಣುಕು ತೆಗೆಯುವುದಾಗಿ ಹೇಳಿದರು. ಮೂತ್ರದಲ್ಲಿ ಕ್ಯಾನ್ಸರ್ ಕೋಶ ಹುಡುಕುವ ಪರೀಕ್ಷೆಯೂ ಆಯಿತು, ಅದು ನೆಗೆಟಿವ್ ಬಂತು. ಆ ಪರೀಕ್ಷೆ ನೆಗೆಟಿವ್ ಬಂದರೆ ನಂಬಿ ಕೂರುವಂತಿಲ್ಲ, ಸಾಕಷ್ಟು ರೋಗ ಅದರ ಕಣ್ಣಿಗೆ ಬೀಳುವುದಿಲ್ಲ ಅಂತ ಮೊದಲೇ ಎಚ್ಚರಿಸಿದ್ದರು. ಹಾಗಾಗಿ ರಿಪೋರ್ಟ್ ಬಂದಾಗ ನಾವು ಹಿಗ್ಗಲೂ ಇಲ್ಲ.

ಸ್ಕೋಪ್ ಮುಗಿಸಿ ಬಂದ ರಾತ್ರಿ ನಮ್ಮವರು ಹೇಳಿದ್ದನ್ನು ಇಲ್ಲಿ ಹಾಕಲೇಬೇಕು. "ಬಾಯ್ಲರ್ ಟ್ಯೂಬಿಗೆ ಉಪ್ಪು ಕಟ್ಟಿದ್ರ ರಾಡ್ ಹೊಡೀತೀವಿ, ಖರೆ. ಆದ್ರ ಟ್ಯೂಬ್ ಜಿನುಗಾಕತ್ತಿದ್ರ ರಾಡ್ ಹೊಡಿಯೋ ಫಿಟ್ಟರ್‌ನ ಮಾಲಕ ಅವತ್ತೇ ಮನಿಗಿ ಕಳಿಸ್ತಾನ." ಆ ಕ್ಲಿನಿಕ್ಕಿನ ಬಗ್ಗೆ ಅವರು ಆಡಿದ ಮಾತು ಇಷ್ಟೇ.

ಬಯಾಪ್ಸಿ ವರದಿ: ಸ್ಕ್ವೇಮಸ್ ಸೆಲ್ ಕಾರ್ಸಿನೋಮ. ಈ ನಾಳಕ್ಕೆ ಮುಖ್ಯವಾಗಿ ಮೂರು ಬಗೆಯ ಕ್ಯಾನ್ಸರ್ ಬರುತ್ತವೆ. ಮೂತ್ರಚೀಲದಲ್ಲಿ ಬರುವಂಥ ಯೂರೋಥೀಲಿಯಲ್ ಬಗೆ ಒಟ್ಟಾರೆ ಹೆಚ್ಚು, ಆಮೇಲೆ ಸ್ಕ್ವೇಮಸ್, ಅದಕ್ಕೂ ಕಡಿಮೆ ಅಡಿನೋಕಾರ್ಸಿನೋಮ. ಯಾವುದು ಅಂತ ಗೊತ್ತಾಗದೆ ಔಷಧಿ ಆರಿಸುವಂತಿಲ್ಲ. ಈ ವಿಭಾಗಕ್ಕೆ ನಾನು ತಲೆಬಾಗುವುದು ಇಲ್ಲಿ. ವರದಿ ಕೈಗೆ ಕೊಡುವಾಗಲೇ ಆ ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್‌ಗಳನ್ನೂ ಡಬ್ಬಿಯಲ್ಲಿ ಹಾಕಿ ಕೊಟ್ಟರು, ಕೇಳುವ ಮೊದಲೇ. "ಅಪರೂಪದ ರೋಗ, ನಮ್ಮ ಪೆಥಾಲಜಿಸ್ಟ್ ಒಬ್ಬರೇ ನೋಡಿದರೆ ಸಾಲದು, ಕ್ಯಾನ್ಸರ್ ಆಸ್ಪತ್ರೆಯಲ್ಲೂ ಓದಿಸಿ" ಅಂದರು. ಕಿದ್ವಾಯಿ, ಮುಂಬೈಯ ಟಾಟಾ ಮೆಮೋರಿಯಲ್‌ನಂಥ ಕಡೆ ಹೊರಗಿನ ಸ್ಲೈಡ್‌ಗಳನ್ನು ಮತ್ತೊಮ್ಮೆ ಓದುವ ವ್ಯವಸ್ಥೆ ಇದೆ. ಬ್ಲಾಕ್ ಕೇಳಿದರೆ ಮುಖ ಸಿಂಡರಿಸುವ ಲ್ಯಾಬುಗಳನ್ನು ಕಂಡವಳು ನಾನು, ಅದಕ್ಕೇ ಈ ಡಬ್ಬಿಗೆ ಒಂದು ಪೂರ್ತಿ ನಕ್ಷತ್ರ.

ಹೊಟ್ಟೆಯ ಕೆಳಭಾಗದ ಎಂಆರ್‌ಐ, ಎದೆ ಮತ್ತು ಹೊಟ್ಟೆಯ ಸಿಟಿ ಎರಡನ್ನೂ ಬಳ್ಳಾರಿಯಲ್ಲೇ ಮಾಡಿಸಿದೆವು. ಎಂಆರ್‌ಐ ಹೇಳಿದ್ದು ಇಷ್ಟು: ಗಡ್ಡೆ ನಾಳವನ್ನು ಸುತ್ತಿರುವ ಸ್ಪಂಜಿನಂಥ ಭಾಗದೊಳಗೆ ಇಳಿದಿದೆ, ಲಿಂಗ ನಿಮಿರಿಸುವ ಕಾವರ್ನೋಸಾ ಭಾಗದ ಗಡಿ ಮುಟ್ಟಿದೆ. ಗ್ರಂಥಿಗಳು, ಶ್ವಾಸಕೋಶ, ಯಕೃತ್ತು ಸ್ವಚ್ಛ. ಡಾಕ್ಟರು ನನ್ನನ್ನೂ ಒಳಗೆ ಕರೆದು ಇಬ್ಬರಿಗೂ ಒಟ್ಟಿಗೆ ಹೇಳಿದರು. ಇದನ್ನು ಬರೆಯುತ್ತಿರುವುದಕ್ಕೆ ಕಾರಣ ಇದೆ. ಗಂಡಸರ ವಾರ್ಡಿನಲ್ಲಿ ಹೆಂಗಸರು ನಿಲ್ಲುವಂತಿಲ್ಲ ಅಂತ ನನ್ನನ್ನು ಹೊರಗೆ ಹಾಕಿ ಮೈದುನನ ಹತ್ತಿರ ಮಾತಾಡಿದವರನ್ನು ಬೇರೆ ಕಡೆ ಕಂಡಿದ್ದೇನೆ. ಮೈದುನ ಹೊರಗೆ ಬಂದು ಹೇಳಿದ್ದು "ಏನಿಲ್ಲ ವೈನಿ" ಅಂತ. ಅವನ ಹಣೆ ಬೆವೆತಿತ್ತು.

ಆಸ್ಪತ್ರೆಯವರು ನಮ್ಮನ್ನು ಬಳ್ಳಾರಿಯಲ್ಲೇ ಇಟ್ಟುಕೊಳ್ಳಬಹುದಿತ್ತು, ಬಿಲ್ಲು ಬೆಳೆಯುತ್ತಿತ್ತು. ಇಟ್ಟುಕೊಳ್ಳಲಿಲ್ಲ. "ನಾನು ಇಂಥವನ್ನು ಆಗೊಮ್ಮೆ ಈಗೊಮ್ಮೆ ನೋಡುತ್ತೇನೆ. ಸರ್ಜನ್, ಕೀಮೋ ಕೊಡುವವರು, ರೇಡಿಯೇಷನ್‌ನವರು ಮೂವರೂ ಒಂದೇ ಮೇಜಿಗೆ ಕೂತು ತೀರ್ಮಾನಿಸುವ ಕಡೆ ಹೋಗಿ" ಅಂತ ಬೆಂಗಳೂರಿಗೆ ಪತ್ರ ಕೊಟ್ಟರು. ಹೊರಡುವ ಮೊದಲು ಹೊಟ್ಟೆಯ ಕೆಳಗೆ ಚಿಕ್ಕ ತೂತು ಮಾಡಿ ಮೂತ್ರಚೀಲಕ್ಕೆ ನೇರವಾಗಿ ಕ್ಯಾಥೆಟರ್ (ಮೂತ್ರ ಹೊರಬರುವ ಕೊಳವೆ) ಇಟ್ಟರು. ಗಡ್ಡೆಯ ನಡುವೆ ಪದೇಪದೇ ಕೊಳವೆ ತೂರಿಸುವುದು ತಪ್ಪಿತು.

ಇಲ್ಲಿ ಅಂಗಡಿಯವಳಾಗಿ ಒಂದು ಉಪವಿಮರ್ಶೆ. ಹೊಟ್ಟೆಯ ಮೇಲಿನ ಈ ಕ್ಯಾಥೆಟರ್‌ಗೆ ಲೇಟೆಕ್ಸ್ ಬೇಡ, ಸಿಲಿಕೋನ್ ತೆಗೆದುಕೊಳ್ಳಿ. ಬೆಲೆ ಹಲವು ಪಟ್ಟು ಜಾಸ್ತಿ, ಹೌದು. ಆದರೆ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ, ಲೇಟೆಕ್ಸ್ ಅಲರ್ಜಿಯ ಭಯವೂ ಇಲ್ಲ. ಕೊಳವೆ ಜಾರದಂತೆ ಒಳಗೆ ಹಿಡಿದಿಡುವ ಬಲೂನಿಗೆ ಉಪ್ಪುನೀರು ತುಂಬಬೇಡಿ, ಶುದ್ಧ ಸ್ಟೆರೈಲ್ ನೀರು ತುಂಬಿಸಿ. ಉಪ್ಪು ಹರಳುಗಟ್ಟಿದರೆ ಬದಲಿಸುವಾಗ ಬಲೂನ್ ಇಳಿಯದೆ ಸತಾಯಿಸುತ್ತದೆ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ನಮ್ಮವರು ಚೀಲವನ್ನು ಪಂಚೆಯೊಳಗೆ ತೊಡೆಗೆ ಕಟ್ಟಿಕೊಂಡು ಮಿಲ್ಲಿಗೂ ಹೋಗಿ ಬಂದರು.

ಬೆಂಗಳೂರಿನ ಭಾಗ ಬೇಗ ಮುಗಿಸುತ್ತೇನೆ, ಅದು ದೊಡ್ಡ ಜಾಗ, ಅದಕ್ಕೆ ವಿಮರ್ಶೆ ಬರೆಯುವವರು ಬಹಳ ಇದ್ದಾರೆ. ಸ್ಲೈಡ್ ಮತ್ತೊಮ್ಮೆ ಓದಿ ಅದೇ ಹೆಸರು ಹೇಳಿದರು. ಎದುರಿಗಿಟ್ಟ ದಾರಿ ಎರಡು. ಒಂದು ಆಪರೇಷನ್. ರೋಗ ನಾಳದ ತುದಿಯಲ್ಲಿ, ಮೇಲುಮೇಲೆ ಇದ್ದಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ ಲಿಂಗ ಉಳಿಸಬಹುದಿತ್ತು. ಬಲ್ಬಿನಲ್ಲಿ ಆಳಕ್ಕಿಳಿದದ್ದಕ್ಕೆ ಹಾಗಾಗುವುದಿಲ್ಲ. ನಾಳದ ಜೊತೆ ಲಿಂಗವೂ ಹೋಗಬಹುದು, ಕೆಲವರಿಗೆ ಪ್ರಾಸ್ಟೇಟ್, ಮೂತ್ರಚೀಲವೂ. ಎರಡನೆಯದು ಕೀಮೋ ಮತ್ತು ಕರೆಂಟು (ರೇಡಿಯೇಷನ್) ಒಟ್ಟೊಟ್ಟಿಗೆ, ಅಂಗ ಉಳಿಸಿಕೊಂಡು. ಸ್ಕ್ವೇಮಸ್ ಬಗೆಯಾದ್ದರಿಂದ ಇದು ಸಾಧ್ಯ ಅಂದರು. ಕೀಮೋ ಔಷಧಿ ಎರಡು: ಫ್ಲೋರೋಯುರಾಸಿಲ್ ಮೊದಲ 4 ದಿನ ಹನಿಹನಿಯಾಗಿ, ಮತ್ತೆ 29ನೇ ದಿನದಿಂದ 4 ದಿನ. ಮೈಟೊಮೈಸಿನ್ 1ನೇ ದಿನ ಮತ್ತು 29ನೇ ದಿನ. ಜೊತೆಗೆ 5 ವಾರ, 25 ಸಲ ಕರೆಂಟು, ಒಟ್ಟು 45 ರಿಂದ 55 ಗ್ರೇ (ಗ್ರೇ ಅಂದರೆ ಕರೆಂಟಿನ ಅಳತೆ). ಆಳಕ್ಕಿಳಿದ ಯೂರೋಥೀಲಿಯಲ್ ಬಗೆಯಾಗಿದ್ದರೆ ಸಾಮಾನ್ಯವಾಗಿ ಮೊದಲು ಸಿಸ್‌ಪ್ಲಾಟಿನ್ ಇರುವ ಕೀಮೋ, ಆಮೇಲೆ ಆಪರೇಷನ್. ಪ್ರಾಸ್ಟೇಟಿನೊಳಗಿನ ಭಾಗದಲ್ಲಿ ಮೇಲ್ಪದರದಲ್ಲೇ ಇದ್ದಿದ್ದರೆ ಕೆರೆದು ತೆಗೆದು ಬಿಸಿಜಿ ಹಾಕುತ್ತಾರೆ, ಮಕ್ಕಳಿಗೆ ಹಾಕುವ ಅದೇ ಬಿಸಿಜಿ ಜಾತಿಯ ಬ್ಯಾಕ್ಟೀರಿಯಾ. ನಮ್ಮವರದ್ದು ಎರಡೂ ಅಲ್ಲ.

ಅಲ್ಲಿನ ರೇಡಿಯೇಷನ್ ಡಾಕ್ಟರು ಅಂಕಿ ಮುಚ್ಚಿಡಲಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಚಿಕಿತ್ಸೆ ಪಡೆದ ಗಂಡಸರು 26 ಮಂದಿ. ನೂರಕ್ಕೆ 79ರಷ್ಟು ಜನರಲ್ಲಿ ರೋಗ ಕಣ್ಣಿಗೆ ಕಾಣದಂತಾಯಿತು, 5 ವರ್ಷ ಬದುಕಿದವರು ಅರ್ಧಕ್ಕೆ ಸ್ವಲ್ಪ ಮೇಲೆ. "26 ಜನರ ಲೆಕ್ಕ, ಇದರ ಮೇಲೆ ಆಣೆ ಇಡಬೇಡಿ" ಅಂತಲೂ ಸೇರಿಸಿದರು. ಇಷ್ಟು ಅಪರೂಪದ ರೋಗಕ್ಕೆ ಸಾವಿರ ಜನರ ಅಧ್ಯಯನ ಎಲ್ಲಿಂದ ಬರಬೇಕು? ರೋಗ ಮರಳಿದರೆ ಆಪರೇಷನ್ ಕಾದಿರುತ್ತದೆ ಅನ್ನುವುದನ್ನೂ ಹೇಳಿದರು. ನಮ್ಮವರು ಎರಡನೆಯ ದಾರಿ ಆರಿಸಿದರು. ಆ ನಿರ್ಧಾರ ಅವರದ್ದು. ನನ್ನನ್ನು ಕೇಳಿದರು, "ನೀವು ಇದ್ರ ಸಾಕು" ಅಂದೆ, "ಹೆಂಗಿದ್ರೂ ಅಂತಿಯೇನು" ಅಂದರು. ಅದರ ಉತ್ತರ ವಿಮರ್ಶೆಯಲ್ಲಿ ಹಾಕುವಂಥದ್ದಲ್ಲ.

ಮೈಟೊಮೈಸಿನ್ ನೇರಳೆ ಬಣ್ಣದ ಔಷಧಿ. ರಕ್ತನಾಳದಿಂದ ಆಚೆ ಸೋರಿದರೆ ಸುತ್ತಲಿನ ಚರ್ಮ ಮಾಂಸ ಸುಡುತ್ತದೆ. ಹಾಕುವಾಗ ಸಿಸ್ಟರ್ ಪಕ್ಕದಲ್ಲೇ ನಿಲ್ಲುತ್ತಾರಾ ನೋಡಿ, ಉರಿ ಅನಿಸಿದ ತಕ್ಷಣ ಕೂಗಿ. ಮೂರನೇ ವಾರದಿಂದ ತೊಡೆಸಂದಿಯ ಚರ್ಮ ಸುಲಿಯಿತು. ಬಾಯಿಹುಣ್ಣು, ಭೇದಿ, ಬಿಳಿ ರಕ್ತಕಣ ಕುಸಿದು ಎರಡನೇ ಕೀಮೋ ಸ್ವಲ್ಪ ತಡವಾಯಿತು. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಒಳಚಡ್ಡಿ ಬಿಟ್ಟು ಮೆತ್ತನೆಯ ಹಳೆ ಹತ್ತಿ ಪಂಚೆ, ಡಾಕ್ಟರು ಬರೆದದ್ದು ಬಿಟ್ಟು ಬೇರೆ ಮುಲಾಮು ಹಚ್ಚದಿರುವುದು, ನಾವು ಮಾಡಿದ್ದು ಇಷ್ಟು. ಯಾರೋ ಅರಿಶಿನ ಹಚ್ಚಿ ಅಂದರು. ನಾನು ಫೋನ್ ಇಟ್ಟೆ.

ದುಡ್ಡು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರಕಾರಿ ಆಸ್ಪತ್ರೆಯ ರೆಫರಲ್ ಕಾಗದ ಬೇಕಾಗುತ್ತದೆ, ಅದನ್ನು ಊರು ಬಿಡುವ ಮೊದಲೇ ಮಾಡಿಸಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ತ್ರಿ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ನೂರಕ್ಕೆ 75; ಡಾಕ್ಟರು ಸಹಿ ಹಾಕಿದ ನಮೂನೆ ಬೇಕು. ಕಾರಟಗಿಯಿಂದ ಯಶವಂತಪುರಕ್ಕೆ ರೈಲು ಇದೆ, ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ರಾಯಚೂರಿನವರು ಬೆಂಗಳೂರಿಗೆ ಟಿಕೆಟ್ ಮಾಡಿಸುವ ಮೊದಲು ಕಿದ್ವಾಯಿಯ ಕಲಬುರಗಿ ಘಟಕದಲ್ಲಿ ಒಮ್ಮೆ ವಿಚಾರಿಸಲಿ. ಐದು ವಾರ ಕರೆಂಟಿಗೆ ಪರವೂರಿನಲ್ಲಿ ರೂಮು ಮಾಡಿ ಕೂರುವುದು ಔಷಧಿಗಿಂತ ದುಬಾರಿ ಬೀಳಬಹುದು.

ಮುಗಿದ ಮೇಲೆ ತಪಾಸಣೆಗೆ ಮತ್ತೆ ಬಳ್ಳಾರಿಯ ಅದೇ ವಿಭಾಗಕ್ಕೆ ಬಂದೆವು. ಸ್ಕೋಪ್ ಹಾಕಿ ನೋಡಿದರು. ಗಡ್ಡೆ ಇದ್ದ ಜಾಗದಲ್ಲಿ ಬಿಳಿಚಿದ ಕಲೆ. ಅದರಿಂದಲೂ ತುಣುಕು ತೆಗೆದು ಕಳಿಸಿದರು, ಕ್ಯಾನ್ಸರ್ ಸಿಗಲಿಲ್ಲ. ಆದರೆ ಕರೆಂಟಿನಿಂದ ಆ ಜಾಗ ಮತ್ತೆ ಇಕ್ಕಟ್ಟಾಗಿದೆ. ಅದು ಆಗುತ್ತದೆ ಅಂತ ಬೆಂಗಳೂರಿನಲ್ಲೇ ಹೇಳಿದ್ದರು. ಹೊಟ್ಟೆಯ ಕೊಳವೆ ಸದ್ಯಕ್ಕೆ ಮುಂದುವರಿದಿದೆ. ಮುಂದೆ ವೃಷಣದ ಹಿಂದೆ ಮೂತ್ರಕ್ಕೆ ಹೊಸ ಬಾಯಿ ಮಾಡುವ ಮಾತಿದೆ, ಆಗ ಕೂತು ಮೂತ್ರ ಮಾಡಬೇಕು. ನಮ್ಮವರಿಗೆ ಅದಕ್ಕೆ ಬೇಸರವಿಲ್ಲ. ಮಿಲ್ಲಿನ ಕಕ್ಕಸಿಗೆ ಬಾಗಿಲಿಲ್ಲ ಅನ್ನುವುದೇ ಅವರ ಚಿಂತೆ, ಮಾಲಕರಿಗೆ ಹೇಳಿದ್ದಾರೆ.

ಇನ್ನು ಆ ಬಿಲ್ಲಿಂಗ್ ಕೌಂಟರ್. ಮೂತ್ರರೋಗ, ಗುಪ್ತರೋಗ, ಬಯಾಪ್ಸಿ, ಯಾವುದಾದರೂ ಸರಿ, ಅಲ್ಲಿ ಕೂತ ಹುಡುಗ ರೋಗಿಯ ಹೆಸರು ಮತ್ತು ಪರೀಕ್ಷೆಯ ಹೆಸರನ್ನು ಮೈಕಿನಲ್ಲಿ ಕೂಗುತ್ತಾನೆ. ಹಾಲಿನಲ್ಲಿ ಸಿರುಗುಪ್ಪ, ಸಿಂಧನೂರು, ಗಂಗಾವತಿ, ಮೂರು ಜಿಲ್ಲೆಯ ಜನ ಕೂತಿರುತ್ತಾರೆ. ಒಬ್ಬ ಹುಡುಗ ತನ್ನ ಹೆಸರಿನ ಜೊತೆ ಪರೀಕ್ಷೆಯ ಹೆಸರು ಕೇಳಿದ್ದೇ ಎದ್ದು ಹೊರಗೆ ಹೋದ, ದುಡ್ಡು ಕಟ್ಟಲು ವಾಪಸ್ ಬಂದದ್ದನ್ನು ನಾನು ಕಾಣಲಿಲ್ಲ. ಮ್ಯಾನೇಜರಿಗೆ ಬರೆದು ಕೊಟ್ಟಿದ್ದೇನೆ: ಟೋಕನ್ ನಂಬರ್ ಕೂಗಿ ಸಾಕು. ಮುಂದಿನ ತಪಾಸಣೆಗೆ ಹೋದಾಗಲೂ ಮೈಕಿನಲ್ಲಿ ಹೆಸರೇ ಬಂದರೆ ಇನ್ನೂ ಅರ್ಧ ನಕ್ಷತ್ರ ಕಿತ್ತುಕೊಳ್ಳುತ್ತೇನೆ.